ನೀರಗಂಟಿ, ಕಪಿಲೆ ಮತ್ತು ಮೊಬೈಲ್ ಚಾರ್ಜರ್

ನಮ್ಮೂರ ಲೈನಿನ ಕಟ್ಟಕಡೇ ಕಂಬ ನಮ್ಮನೇದು. ಊರಿಗೆಲ್ಲ ಇದ್ದದ್ದು ಒಂದೇ ಟಿಸಿ, ಅದೂ ಊರ ಮುಂದಿನ ಅರಳಿಕಟ್ಟೆ ಹತ್ತಿರ. ಅಲ್ಲಿಂದ ಹೊರಟ ಕರೆಂಟು ಎಲ್ಲರ ಮನೆ ಹೊಕ್ಕು, ಮಿಕ್ಕಿದ್ದು ನಮಗೆ. ಸಂಜೆ ಏಳು ಗಂಟೆ ಹೊತ್ತಲ್ಲಿ ನಮ್ಮ ನಡುಮನೆಯ ಅರವತ್ತರ ಬಲ್ಬನ್ನ ಬರಿಗಣ್ಣಲ್ಲಿ ನೋಡಬಹುದಿತ್ತು. ಒಳಗಿನ ತಂತಿ ಕಾಣುವಷ್ಟು ಕೆಂಪಗೆ ಇರ್ತಿತ್ತು. "ಇದಕ್ಕಿಂತ ನಮ್ಮ ಸೀಮೆಎಣ್ಣೆ ಬುಡ್ಡಿ ವಾಸಿ" ಅನ್ನೋರು ಅಜ್ಜಿ.

ನಾನು ಪ್ರೈಮರಿ ಸ್ಕೂಲಲ್ಲಿದ್ದಾಗ ಎರಡು ಕಂಬ ಆಚೆಗಿದ್ದ ದೊಡ್ಡಪ್ಪನ ಮನೆಗೆ ಕಲರ್ ಟೀವಿ ಬಂತು, ಅದರ ಜೊತೆಗೊಂದು ದೊಡ್ಡ ಸ್ಟೆಬಿಲೈಸರ್ ಬಂತು. ಓಲ್ಟೇಜು ಬಿದ್ದಾಗೆಲ್ಲ ಅದು ಟಕ್ ಅಂತ ಸದ್ದು ಮಾಡಿ ಮೇಲಕ್ಕೆ ಎತ್ತಿಕೊಳ್ಳೋದು. ಅಲ್ಲಿ ಟಕ್ ಅಂದ ಕೂಡಲೇ ಇಲ್ಲಿ ನಮ್ಮ ಬಲ್ಬು ಇನ್ನೊಂದು ಚೂರು ಕೆಳಗಿಳಿಯೋದು. ಮೊದಮೊದಲು ಅಪ್ಪ ನಗ್ತಿದ್ರು. ಆಮೇಲೆ ನಗೋದು ನಿಲ್ಲಿಸಿದ್ರು. ನಾನು ಹೈಸ್ಕೂಲಲ್ಲಿದ್ದಾಗ ಒಂದು ಬೇಸಿಗೇಲಿ, ಟೊಮೇಟೊ ಹೂವಿಗೆ ಬಂದಿದ್ದ ಹೊತ್ತಲ್ಲಿ, ನಮ್ಮ ಬೋರಿನ ಮೋಟರ್ ಸುಟ್ಟೋಯ್ತು. ಮೇಲೆತ್ತಿಸಿ, ರೀವೈಂಡಿಂಗ್ ಮಾಡಿಸಿ, ಮತ್ತೆ ಇಳಿಸೋದ್ರಲ್ಲಿ ಹದಿನೈದು ದಿನ ಹೋಯ್ತು. ಅಷ್ಟರಲ್ಲಿ ಗಿಡ ಒಣಗಿದ್ವು. "ಅಣ್ಣನ ಪೆಟ್ಟಿಗೆ ನಮ್ಮ ಕರೆಂಟು ಕುಡೀತು" ಅಂತ ಅಪ್ಪ ಅರಳಿಕಟ್ಟೆ ಮೇಲೆ ಕೂತು ನಾಲ್ಕು ಜನರ ಮುಂದೆ ಅಂದುಬಿಟ್ರು. ಅಲ್ಲಿಗೆ ಅಣ್ಣ ತಮ್ಮಂದಿರ ಮಧ್ಯೆ ಮಾತು ನಿಂತಿತು.

ಪಿಯುಸಿ ಮುಗಿದಾಗ ಅಪ್ಪ ನನಗೆ ಹೇಳಿದ್ದು ಇಷ್ಟೇ: "ನೀನು ಕರೆಂಟಿನ ಓದೇ ಓದಪ್ಪ. ಈ ಓಲ್ಟೇಜು ಯಾಕೆ ಬೀಳ್ತದೆ ಅಂತ ತಿಳ್ಕೊಂಡು ಬಂದು ನಂಗೆ ಹೇಳು." ನಾನು ಎಲೆಕ್ಟ್ರಿಕಲ್ ಬಿಇ ಓದಿದೆ. ಕೆಲಸ ಸಿಕ್ಕಿದ್ದು ಸಾಫ್ಟ್‌ವೇರ್‌ನಲ್ಲಿ, ಅದು ಬೇರೆ ಮಾತು. ಆದ್ರೆ ಅಪ್ಪನ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಸಿಕ್ಕಿದ ಜಾಗ ಮಾತ್ರ ನಾನು ಅಂದುಕೊಂಡಿದ್ದಲ್ಲ. ಲೈನು, ಕಂಬ, ಟಿಸಿಗಳ ಪಾಠದಲ್ಲಿ ಅಲ್ಲ, ಮೊಬೈಲ್ ಚಾರ್ಜರ್‌ನ ಇತಿಹಾಸದಲ್ಲಿ. ಆ ಇತಿಹಾಸಾನೇ ಇವತ್ತು ಹೇಳೋಕೆ ಹೊರಟಿರೋದು.

ಮೊದಲು ಎಲಿಮಿನೇಟರ್‌ನ ನೆನಪು ಮಾಡಿಕೊಳ್ಳೋಣ. ರೇಡಿಯೋಗೆ ಸೆಲ್ ಹಾಕೋ ದುಡ್ಡು ಉಳಿಸೋಕೆ ಪ್ಲಗ್ಗಿಗೆ ಸಿಕ್ಕಿಸುತ್ತಿದ್ದ ಕರೀ ಡಬ್ಬಿ ನಿಮಗೂ ಗೊತ್ತಿರುತ್ತೆ. ಕೈಗೆ ತಗೊಂಡ್ರೆ ಕಲ್ಲಿನಂಥ ಭಾರ. ಹತ್ತು ನಿಮಿಷಕ್ಕೆ ಬೆಚ್ಚಗಾಗೋದು. ಓಲ್ಟೇಜು ಬಿದ್ರೆ ರೇಡಿಯೋ ದನಿಯೂ ಬೀಳೋದು. ಈಗ ನಿಮ್ಮ ಮೊಬೈಲ್ ಚಾರ್ಜರ್ ನೋಡಿ. ಅಂಗೈಯಲ್ಲಿ ಮುಚ್ಚಿಹೋಗುತ್ತೆ, ಭಾರಾನೇ ಇಲ್ಲ. ಮೇಲೆ ಸಣ್ಣ ಅಕ್ಷರದಲ್ಲಿ 100ರಿಂದ 240 ಓಲ್ಟ್ ಅಂತ ಬರೆದಿರುತ್ತೆ. ನಮ್ಮೂರ ಸಂಜೆ ಏಳರ ಕರೆಂಟಾದ್ರೂ ಸರಿ, ಬೆಂಗಳೂರಿನ ಫ್ಲಾಟಿನ ಕರೆಂಟಾದ್ರೂ ಸರಿ, ಅದು ಕೊಡೋದು ಅದೇ 5 ಓಲ್ಟು. ಈ ಎರಡು ಡಬ್ಬಿಗಳ ಮಧ್ಯೆ ಏನಾಯ್ತು?

ಇದನ್ನ ಅರ್ಥ ಮಾಡಿಕೊಳ್ಳೋಕೆ ಇಂಜಿನಿಯರಿಂಗ್ ಬೇಡ, ಕೆರೆ ಇರೋ ಊರಿನವರಾಗಿದ್ರೆ ಸಾಕು. ನಮ್ಮ ಕಡೆ ಕೆರೆ ತೂಬು ಎತ್ತಿ ಇಳಿಸೋಕೆ ನೀರಗಂಟಿ ಅಂತ ಒಬ್ಬರು ಇರೋರು. ಒಂದು ಗದ್ದೆಗೆ ಕಾಲುವೆ ನೀರಿನ ಅರ್ಧದಷ್ಟು ಮಾತ್ರ ಬೇಕು ಅನ್ಕೊಳ್ಳಿ. ಎರಡು ದಾರಿ ಇದೆ. ಒಂದು, ಇಡೀ ಕಾಲುವೆ ಹರಿಯೋಕೆ ಬಿಟ್ಟು, ಬೇಕಾದಷ್ಟು ಗದ್ದೆಗೆ ತಿರುಗಿಸಿ ಉಳಿದಿದ್ದನ್ನ ಹಳ್ಳಕ್ಕೆ ಚೆಲ್ಲೋದು. ಇನ್ನೊಂದು, ತೂಬನ್ನ ಪೂರ್ತಿ ಎತ್ತಿ ಒಂದು ಗಳಿಗೆ ಬಿಟ್ಟು, ಪೂರ್ತಿ ಮುಚ್ಚಿ ಒಂದು ಗಳಿಗೆ ಕಾಯೋದು. ನಡುವೆ ಒಂದು ತೊಟ್ಟಿ ಇದ್ರೆ ಗದ್ದೆಗೆ ಹೋಗೋ ನೀರು ಒಂದೇ ಸಮ ಇರುತ್ತೆ, ಒಂದು ಹನೀನೂ ದಂಡ ಆಗಲ್ಲ.

ಹಳೇ ಕಾಲದ ಪವರ್ ಸಪ್ಲೈ ಮೊದಲನೇ ದಾರಿ. ಅದನ್ನ ಲೀನಿಯರ್ ಅಂತಾರೆ. 12 ಓಲ್ಟಿನಿಂದ 5 ಓಲ್ಟು ಮಾಡಬೇಕು, 1 ಆಂಪಿಯರ್ ಬೇಕು ಅಂದ್ರೆ ಅದು 12 ವಾಟ್ ತಗೊಂಡು 5 ವಾಟ್ ಕೊಡುತ್ತೆ, ಉಳಿದ 7 ವಾಟ್ ಬಿಸಿಯಾಗಿ ಗಾಳಿಗೆ ಹೋಗುತ್ತೆ. ಎರಡನೇ ದಾರಿಯೇ ಸ್ವಿಚಿಂಗ್ ರೆಗ್ಯುಲೇಟರ್. ಇಲ್ಲಿ ತೂಬಿನ ಜಾಗದಲ್ಲಿ ಟ್ರಾನ್ಸಿಸ್ಟರ್, ತೊಟ್ಟಿಯ ಜಾಗದಲ್ಲಿ ಒಂದು ಕಾಯಿಲ್ಲು ಮತ್ತೊಂದು ಕೆಪಾಸಿಟರ್. ಸ್ವಿಚ್ಚು ಪೂರ್ತಿ ಆನ್ ಇದ್ದಾಗ ಅದರಲ್ಲಿ ನಷ್ಟ ಕಮ್ಮಿ, ಪೂರ್ತಿ ಆಫ್ ಇದ್ದಾಗಲೂ ಕಮ್ಮಿ. ಎಷ್ಟು ಹೊತ್ತು ಆನ್, ಎಷ್ಟು ಹೊತ್ತು ಆಫ್ ಅನ್ನೋದರಲ್ಲೇ ಎಲ್ಲ ಲೆಕ್ಕ.

ಇನ್ನೊಂದು ಬಗೆ ಇದೆ, ಅದು ಕಪಿಲೆ. ಕಪಿಲೆ ನೋಡಿರದವರಿಗೆ ಹೇಳ್ತೀನಿ: ಜೋಡಿ ಎತ್ತು ಕಟ್ಟಿ, ಬಾವಿಯಿಂದ ಚರ್ಮದ ಬಾನಿಯಲ್ಲಿ ನೀರೆತ್ತಿ ಕಾಲುವೆಗೆ ಸುರಿಯೋ ಹಳೇ ಏರ್ಪಾಡು. ನಮ್ಮ ತಾತ ಹೊಡೀತಿದ್ರು. ಬಾನಿ ಕೆಳಗೆ ತುಂಬಿಕೊಳ್ತಾ ಇರೋವಾಗ ಕಾಲುವೆಗೆ ಹನಿ ನೀರಿಲ್ಲ. ಮೇಲೆ ಬಂದು ಸುರಿದಾಗಲೇ ನೀರು. ಕಡಿಮೆ ಓಲ್ಟಿನಿಂದ ಹೆಚ್ಚು ಓಲ್ಟು ಮಾಡೋ ಬೂಸ್ಟ್ ಕನ್ವರ್ಟರ್ ಕೆಲಸ ಮಾಡೋದು ಹೀಗೇ. ಸ್ವಿಚ್ಚು ಆನ್ ಇದ್ದಾಗ ಕಾಯಿಲ್ಲು ತುಂಬಿಕೊಳ್ಳುತ್ತೆ, ಆಫ್ ಆದಾಗ ಸುರಿಯುತ್ತೆ. ಈ ಕಪಿಲೆಯನ್ನ ನೆನಪಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈ ಹಾಕೋ ತೆಗೆಯೋ ಆಟ ಟ್ರಾನ್ಸಿಸ್ಟರಿಗಿಂತ ಎಷ್ಟೋ ಹಳೇದು. 1910ರ ಹೊತ್ತಿಗೆ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಕ್ಯಾಡಿಲಾಕ್ ಕಾರಿಗೆ ಬ್ಯಾಟರಿ ಇಗ್ನಿಷನ್ ಮಾಡಿದ. ಒಂದು ಕಾಯಿಲ್ಲಿಗೆ ಕರೆಂಟು ಬಿಟ್ಟು ತಟಕ್ಕನೆ ಕಟ್ ಮಾಡಿದ್ರೆ ಸಾವಿರಾರು ಓಲ್ಟು ಚಿಮ್ಮಿ ಸ್ಪಾರ್ಕ್ ಪ್ಲಗ್ಗಿನಲ್ಲಿ ಕಿಡಿ ಹಾರುತ್ತೆ. ಹಳೇ ಅಂಬಾಸಿಡರ್, ಹಳೇ ಸ್ಕೂಟರುಗಳಲ್ಲಿ ಮೆಕ್ಯಾನಿಕ್ಕುಗಳು ಉಪ್ಪುಕಾಗದ ಹಾಕಿ ಉಜ್ಜುತ್ತಿದ್ದ ಪಾಯಿಂಟ್ ಇತ್ತಲ್ಲ, ಅದೇ ಆ ಸ್ವಿಚ್ಚು. 1930ರ ದಶಕದಲ್ಲಿ ಕಾರಿಗೆ ರೇಡಿಯೋ ಬಂತು. ಆಗಿನ ವಾಲ್ವ್ ರೇಡಿಯೋಗೆ ಇನ್ನೂರು ಚಿಲ್ಲರೆ ಓಲ್ಟು ಬೇಕು, ಕಾರಲ್ಲಿದ್ದದ್ದು 6 ಓಲ್ಟಿನ ಬ್ಯಾಟರಿ. ಅದಕ್ಕೆ ವೈಬ್ರೇಟರ್ ಅಂತ ಒಂದು ಮಾಡಿದ್ರು. ಒಳಗೊಂದು ಲೋಹದ ನಾಲಗೆ ಸೆಕೆಂಡಿಗೆ ನೂರು ಸಲದ ಆಸುಪಾಸು ಅದುರುತ್ತಾ ಬ್ಯಾಟರಿ ಕರೆಂಟನ್ನ ತುಂಡು ತುಂಡು ಮಾಡೋದು, ತುಂಡಾದ ಕರೆಂಟನ್ನ ಟ್ರಾನ್ಸ್‌ಫಾರ್ಮರ್ ಮೇಲಕ್ಕೆತ್ತೋದು. ಗುಂಯ್ ಅನ್ನೋ ಸದ್ದು, ಬೇಗ ಸವೆಯೋ ಪಾಯಿಂಟು, ಎರಡೂ ಉಚಿತ.

ಉಪಾಯ ಇತ್ತು, ಒಳ್ಳೇ ಸ್ವಿಚ್ಚು ಇರಲಿಲ್ಲ. ಇಡೀ ಕಥೆಯ ಮೊದಲ ಅರ್ಧ ಅಷ್ಟೇ.

1947ರ ಡಿಸೆಂಬರಿನಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. 1950ರ ದಶಕದ ನಡುವಿಗೆ ಜಾರ್ಜ್ ರಾಯರ್ ಅನ್ನೋ ವೆಸ್ಟಿಂಗ್‌ಹೌಸ್ ಇಂಜಿನಿಯರ್ ಎರಡು ಟ್ರಾನ್ಸಿಸ್ಟರ್, ಒಂದು ಟ್ರಾನ್ಸ್‌ಫಾರ್ಮರ್ ಇಟ್ಟುಕೊಂಡು ತಾನೇ ತಾನಾಗಿ ಆನ್ ಆಫ್ ಆಗೋ ಕನ್ವರ್ಟರ್ ಮಾಡಿದ. (ಹೆಸರು ನೋಡಿ ನಮ್ಮ ಕಡೆ ರಾಯರು ಅಂದುಕೊಳ್ಳಬೇಡಿ, ಪಕ್ಕಾ ಅಮೆರಿಕದವನು.) ಇವನ್ನ ಮೊದಲು ಬಳಸಿದ್ದು ಮನೆಗಳಲ್ಲಲ್ಲ. ಒಂದೊಂದು ವಾಟಿಗೂ, ಒಂದೊಂದು ಗ್ರಾಮಿಗೂ ಲೆಕ್ಕ ಇಡುವ ಜಾಗದಲ್ಲಿ, ಅಂದ್ರೆ ಬಾಹ್ಯಾಕಾಶದಲ್ಲಿ. ಚಂದ್ರನಿಗೆ ಹೋದ ಅಪೋಲೊ ನೌಕೆಯ ಗೈಡೆನ್ಸ್ ಕಂಪ್ಯೂಟರ್ ಒಳಗಿದ್ದದ್ದು ಸ್ವಿಚಿಂಗ್ ಪವರ್ ಸಪ್ಲೈ.

ಭೂಮಿ ಮೇಲೆ ಅದು ಅಗ್ಗವಾಗೋಕೆ ಇನ್ನೂ ಹತ್ತು ವರ್ಷ ಹಿಡೀತು. ಹೆಚ್ಚು ಓಲ್ಟು ತಡೆಯೋ, ಬೇಗ ಬೇಗ ಹಾಕಿ ತೆಗೆಯಬಲ್ಲ ಟ್ರಾನ್ಸಿಸ್ಟರ್ ಬರಬೇಕಿತ್ತು. ಬೇಗ ಅನ್ನೋದು ಯಾಕೆ ಮುಖ್ಯ ಅಂದ್ರೆ, ಗೋಡೆಯ ಕರೆಂಟು ಸೆಕೆಂಡಿಗೆ 50 ಸುತ್ತು. ಒಂದೊಂದು ಸುತ್ತಿಗೂ ದೊಡ್ಡ ದೊಡ್ಡ ಬಿಂದಿಗೆಯಲ್ಲಿ ಹೊರಬೇಕು, ಅದಕ್ಕೇ ಎಲಿಮಿನೇಟರ್ ಒಳಗೆ ಅಷ್ಟು ಕಬ್ಬಿಣ, ಅಷ್ಟು ತಾಮ್ರ. ಸೆಕೆಂಡಿಗೆ 20,000 ಸಲ ಓಡಾಡೋದಾದ್ರೆ ಒಂದು ಚಮಚ ಸಾಕು. ಚಾರ್ಜರ್ ಹಗುರಾಗಿದ್ದರ ಗುಟ್ಟು ಇದೇ. 20,000 ದಾಟಿದ್ರೆ ಇನ್ನೊಂದು ಲಾಭ: ಅದು ಮನುಷ್ಯನ ಕಿವಿಗೆ ಕೇಳಲ್ಲ. ವೈಬ್ರೇಟರಿನ ಗುಂಯ್ ಅಲ್ಲಿಗೆ ಮುಗೀತು.

1970ರಲ್ಲಿ ರಾಬರ್ಟ್ ಬೋಶರ್ಟ್ ಅನ್ನೋ ಇಂಜಿನಿಯರ್ ಇದ್ದ ಕೆಲಸ ಬಿಟ್ಟು ತನ್ನ ಅಡುಗೆಮನೆ ಟೇಬಲ್ ಮೇಲೆ ಪವರ್ ಸಪ್ಲೈ ಮಾಡೋಕೆ ಕೂತ. ಒಂದೊಂದೇ ಬಿಡಿಭಾಗ ಕಳೆಯುತ್ತಾ, ಬೆಲೆ ಇಳಿಸುತ್ತಾ ಹೋದ. ಕೆಲವೇ ವರ್ಷದಲ್ಲಿ ಅದು ನೂರಾರು ಜನರ ಕಂಪನಿ ಆಯ್ತು. 1976ರಲ್ಲಿ ಸಿಲಿಕಾನ್ ಜನರಲ್ ಕಂಪನಿಯ ಬಾಬ್ ಮಮ್ಮಾನೊ ಇಡೀ ನಿಯಂತ್ರಣವನ್ನೇ ಒಂದು ಚಿಪ್ಪಿನೊಳಗೆ ಕೂರಿಸಿದ. ಹೆಸರು ಎಸ್‌ಜಿ1524. ಎಷ್ಟು ಹೊತ್ತು ಆನ್, ಎಷ್ಟು ಹೊತ್ತು ಆಫ್ ಅನ್ನೋ ತೀರ್ಮಾನ ಅದರದ್ದು. ಅಂದ್ರೆ ನೀರಗಂಟಿ ಚಿಪ್ಪಾದ.

ಇಲ್ಲೊಂದು ತಕರಾರಿದೆ. 1977ರಲ್ಲಿ ಬಂದ ಆಪಲ್ 2 ಕಂಪ್ಯೂಟರಿನಲ್ಲಿ ಫ್ಯಾನ್ ಇರಲಿಲ್ಲ. ಫ್ಯಾನಿನ ಸದ್ದು ಸ್ಟೀವ್ ಜಾಬ್ಸ್‌ಗೆ ಆಗ್ತಿರಲಿಲ್ಲ. ಬಿಸಿಯಾಗದ ಪವರ್ ಸಪ್ಲೈ ಬೇಕು ಅಂತ ಅಟಾರಿ ಕಂಪನಿಯಲ್ಲಿದ್ದ ರಾಡ್ ಹೋಲ್ಟ್‌ನ ಹಿಡಿದು ತಂದ. ಹೋಲ್ಟ್ ಸ್ವಿಚಿಂಗ್ ಸಪ್ಲೈ ಮಾಡಿಕೊಟ್ಟ, ಪೇಟೆಂಟೂ ಸಿಕ್ಕಿತು. 2011ರಲ್ಲಿ ಬಂದ ಜಾಬ್ಸ್ ಜೀವನಚರಿತ್ರೆಯಲ್ಲಿ, ಇವತ್ತಿನ ಕಂಪ್ಯೂಟರುಗಳೆಲ್ಲ ಹೋಲ್ಟ್ ಡಿಸೈನನ್ನೇ ಕದ್ದಿರೋದು ಅನ್ನೋ ಅರ್ಥದ ಮಾತನ್ನ ಜಾಬ್ಸ್ ಆಡಿದ್ದಾನೆ. ಕೇಳೋಕೆ ಚೆನ್ನಾಗಿದೆ, ನಿಜ ಅಲ್ಲ. ಹಳೇ ಯಂತ್ರಗಳ ಹೊಟ್ಟೆ ಬಗೆದು ನೋಡೋ ಕೆನ್ ಶಿರಿಫ್ 2012ರಲ್ಲಿ ಇದನ್ನ ದಾಖಲೆ ಸಮೇತ ಬಿಡಿಸಿ ತೋರಿಸಿದ್ರು. ಆಪಲ್‌ಗಿಂತ ಮುಂಚೆಯೇ ಮಿನಿ ಕಂಪ್ಯೂಟರುಗಳಲ್ಲಿ, ಅಳತೆಯ ಉಪಕರಣಗಳಲ್ಲಿ ಸ್ವಿಚಿಂಗ್ ಸಪ್ಲೈ ಬಂದಾಗಿತ್ತು. ಹೋಲ್ಟ್ ಜಾಣ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ತೇರು ಎಳೆದದ್ದು ಅಗ್ಗವಾದ ಟ್ರಾನ್ಸಿಸ್ಟರ್. ಹಗ್ಗ ಹಿಡಿದವರು ನೂರಾರು ಜನ.

ತೇರು ಅಂದ್ಮೇಲೆ ಇನ್ನೊಂದು ಮಾತು. ತೇರು ಎಳೆಯೋದು ಒಂದು ಕೆಲಸ, ಅದು ವಾಲದ ಹಾಗೆ ನೋಡಿಕೊಳ್ಳೋದು ಇನ್ನೊಂದು. ಈ ಕನ್ವರ್ಟರುಗಳು ವಾಲ್ತಿದ್ವು. ಬೆಂಚಿನ ಮೇಲೆ ಚೆನ್ನಾಗಿ ಓಡಿದ್ದು ಬೇರೆ ಕಡೆ ಹಾಕಿದ ಕೂಡಲೇ ಓಲ್ಟೇಜು ಉಯ್ಯಾಲೆ ಆಡೋದು, ಕೆಲವೊಮ್ಮೆ ಟ್ರಾನ್ಸಿಸ್ಟರೇ ಢಮಾರ್. ಮಾಡಿ ನೋಡು, ಸುಟ್ಟರೆ ಬದಲಾಯಿಸು, ಇದೇ ಆಗಿನ ವಿದ್ಯೆ.

ನಾನು ಇದನ್ನ ಪುಸ್ತಕದಲ್ಲಿ ಓದಿ ತಿಳಿದದ್ದಲ್ಲ. ಕೊನೇ ವರ್ಷದ ಪ್ರಾಜೆಕ್ಟಿಗೆ ನಾವು ನಾಲ್ಕು ಜನ ಬೂಸ್ಟ್ ಕನ್ವರ್ಟರ್ ಹಿಡಿದಿದ್ವಿ. ಔಟ್‌ಪುಟ್ ಕಮ್ಮಿ ಆದ್ರೆ ಆನ್ ಹೊತ್ತು ಜಾಸ್ತಿ ಮಾಡು, ಜಾಸ್ತಿ ಆದ್ರೆ ಕಮ್ಮಿ ಮಾಡು, ಇಷ್ಟೇ ತಾನೆ ಅಂತ ಪ್ರೋಗ್ರಾಂ ಬರೆದೆ. ಆನ್ ಮಾಡಿದ್ರೆ ಟಪ್ ಅಂತ ಮಾಸ್ಫೆಟ್ ಸುಟ್ಟಿತು. ಎಸ್.ಪಿ. ರೋಡಿಗೆ ಹೋಗಿ ಐದು ತಂದ್ವಿ, ಐದೂ ಸುಟ್ಟವು. ಮತ್ತೆ ಹತ್ತು ತಂದ್ವಿ. ಕೋಡಿನಲ್ಲಿ ತಪ್ಪು ಹುಡುಕಿ ಹುಡುಕಿ ಎರಡು ವಾರ ಹೋಯ್ತು. ಕೋಡಿನಲ್ಲಿ ತಪ್ಪೇ ಇರಲಿಲ್ಲ.

ಆಗ ನಮ್ಮ ಲೆಕ್ಚರರ್ ಒಂದು ಜೆರಾಕ್ಸ್ ಕಟ್ಟು ಕೊಟ್ರು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ವಿ. ರಾಮನಾರಾಯಣನ್ ಅವರ ಪಾಠದ ನೋಟ್ಸು. ಅವರು ಪಿಎಚ್‌ಡಿ ಮಾಡಿದ್ದು ಅಮೆರಿಕದ ಕ್ಯಾಲ್ಟೆಕ್‌ನಲ್ಲಿ, 1986ರಲ್ಲಿ. ಆ ಕಟ್ಟಿನ ಬೇರು ಅಲ್ಲಿತ್ತು. ಅಲ್ಲಿಗೆ ಹೋಗೋಣ.

ಕ್ಯಾಲ್ಟೆಕ್‌ನಲ್ಲಿ ಆರ್.ಡಿ. ಮಿಡಲ್‌ಬ್ರೂಕ್ ಅಂತ ಒಬ್ಬ ಮೇಷ್ಟ್ರು ಇದ್ರು. ಹುಟ್ಟಿದ್ದು ಇಂಗ್ಲೆಂಡಿನಲ್ಲಿ, 1955ರಿಂದ ಪಾಠ ಮಾಡಿದ್ದು ಕ್ಯಾಲ್ಟೆಕ್‌ನಲ್ಲಿ. 1970ರ ದಶಕದ ಆರಂಭದಲ್ಲಿ ಅವರು ಮತ್ತು ಅವರ ವಿದ್ಯಾರ್ಥಿ ವೆಸ್ಟರ್ ಈ ವಾಲೋ ಕಾಯಿಲೆಗೆ ಲೆಕ್ಕ ಹುಡುಕೋಕೆ ಶುರು ಮಾಡಿದ್ರು. ಆಮೇಲೆ ಯುಗೊಸ್ಲಾವಿಯಾದಿಂದ ಸ್ಲೊಬೊದಾನ್ ಚೂಕ್ ಅನ್ನೋ ಹುಡುಗ ಬಂದ. 1976ರ ಜೂನ್‌ನಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ನಡೆದ ಸಮ್ಮೇಳನದಲ್ಲಿ ಮಿಡಲ್‌ಬ್ರೂಕ್ ಮತ್ತು ಚೂಕ್ ಒಂದು ಪ್ರಬಂಧ ಮಂಡಿಸಿದ್ರು. ಸ್ಟೇಟ್ ಸ್ಪೇಸ್ ಆವರೇಜಿಂಗ್ ಅಂತ ಅದರ ವಿಧಾನದ ಹೆಸರು. ಕನ್ವರ್ಟರ್ ಪಾಠ ಇವತ್ತಿಗೂ ಶುರುವಾಗೋದು ಅಲ್ಲಿಂದಲೇ.

ಹೆಸರು ಕೇಳಿ ಹೆದರಬೇಡಿ. ಸ್ವಿಚ್ಚು ಆನ್ ಇದ್ದಾಗ ಅದು ಒಂದು ಸರ್ಕ್ಯೂಟ್, ಆಫ್ ಇದ್ದಾಗ ಇನ್ನೊಂದು. ಬಿಡಿಬಿಡಿಯಾಗಿ ನೋಡಿದ್ರೆ ಎರಡೂ ಸುಲಭ. ಕಷ್ಟ ಇರೋದು ಅವೆರಡರ ನಡುವೆ ಸೆಕೆಂಡಿಗೆ ಹತ್ತಾರು ಸಾವಿರ ಸಲ ಹಾರೋದ್ರಲ್ಲಿ. ಮಿಡಲ್‌ಬ್ರೂಕ್ ಮತ್ತು ಚೂಕ್ ಹೇಳಿದ್ದು: ಆ ಹಾರಾಟ ಬಿಡಿ. ಸ್ವಿಚ್ಚು 40 ಪಾಲು ಹೊತ್ತು ಆನ್, 60 ಪಾಲು ಹೊತ್ತು ಆಫ್ ಇದ್ರೆ, ಮೊದಲ ಸಮೀಕರಣದ 40 ಪಾಲು, ಎರಡನೇದರ 60 ಪಾಲು ತಗೊಂಡು ಕೂಡಿಸಿ. ಸಿಕ್ಕಿದ ಒಂದೇ ಸಮೀಕರಣದಲ್ಲಿ ಸ್ವಿಚ್ಚೇ ಇರಲ್ಲ, ಹರಿವು ಮಾತ್ರ ಇರುತ್ತೆ. ನೀರಗಂಟಿ ಎಷ್ಟು ಸಲ ತೂಬೆತ್ತಿದ ಅಂತ ಯಾರು ಎಣಿಸ್ತಾರೆ? ದಿನಕ್ಕೆ ಗದ್ದೆಗೆ ಎಷ್ಟು ನೀರು ಬಂತು ಅನ್ನೋದೇ ಲೆಕ್ಕ. ಒಂದೇ ಷರತ್ತು, ತೂಬು ಎತ್ತಿ ಇಳಿಸೋದು ತೊಟ್ಟಿ ತುಂಬಿ ಖಾಲಿಯಾಗೋದಕ್ಕಿಂತ ಬಹಳ ಬೇಗ ನಡೀಬೇಕು.

ಈ ಲೆಕ್ಕ ಮಾಡಿದ ಮೇಲೆ ನಮ್ಮ ಮಾಸ್ಫೆಟ್ ಯಾಕೆ ಸುಡ್ತಿತ್ತು ಅಂತ ಕಾಣಿಸ್ತು. ಕಪಿಲೆ ನೆನಪಿದೆಯಲ್ಲ? ಕಾಲುವೆಗೆ ನೀರು ಸಾಲ್ತಿಲ್ಲ, ಬಾನಿ ಇನ್ನೂ ತುಂಬಿಸು ಅಂತ ಕೂಗಿದ್ರೆ ಏನಾಗುತ್ತೆ? ಬಾನಿ ಕೆಳಗೆ ಇನ್ನಷ್ಟು ಹೊತ್ತು ನಿಲ್ಲುತ್ತೆ. ಅಷ್ಟು ಹೊತ್ತು ಕಾಲುವೆ ಇನ್ನೂ ಒಣಗುತ್ತೆ. ಜಾಸ್ತಿ ನೀರು ಬರೋದು ಆಮೇಲೆ. ಬೂಸ್ಟ್ ಕನ್ವರ್ಟರೂ ಹಾಗೇ, ಜಾಸ್ತಿ ಕೊಡು ಅಂದ ಕೂಡಲೇ ಮೊದಲು ಕಮ್ಮಿ ಕೊಡುತ್ತೆ. ನನ್ನ ಪ್ರೋಗ್ರಾಮಿಗೆ ತಾಳ್ಮೆ ಇರಲಿಲ್ಲ. ಕಮ್ಮಿ ಆಯ್ತು, ಜಾಸ್ತಿ ಮಾಡು. ಇನ್ನೂ ಕಮ್ಮಿ ಆಯ್ತು, ಇನ್ನೂ ಜಾಸ್ತಿ ಮಾಡು. ಕೊನೆಗೆ ಸ್ವಿಚ್ಚು ಆನ್‌ನಲ್ಲೇ ನಿಂತು, ಕಾಯಿಲ್ಲಿನ ಕರೆಂಟು ಏರಿ ಏರಿ ಮಾಸ್ಫೆಟ್ ಬೂದಿ. ಪ್ರೋಗ್ರಾಂ ನಿಧಾನ ಮಾಡಿದ್ವಿ, ಓಡ್ತು. ಒಂದು ಸಾಲು ಬದಲಾಯಿಸೋಕೆ ಹದಿನೈದು ಮಾಸ್ಫೆಟ್ ಆಗಿತ್ತು. ತಾತ ಇದ್ದಿದ್ರೆ ಒಂದೇ ಮಾತಲ್ಲಿ ಹೇಳಿರೋರು.

ಅದೇ 1976ರಲ್ಲಿ ಮಿಡಲ್‌ಬ್ರೂಕ್ ಇನ್ನೊಂದು ಪ್ರಬಂಧ ಬರೆದ್ರು. ನನ್ನ ಮಟ್ಟಿಗೆ ಇಡೀ ಇತಿಹಾಸದ ತಿರುಳು ಇದು. ಸ್ವಿಚಿಂಗ್ ರೆಗ್ಯುಲೇಟರ್ ಹಾಕಿ ತೆಗೆಯೋದ್ರಿಂದ ಲೈನಿನಲ್ಲಿ ಗಲಾಟೆ ಹುಟ್ಟುತ್ತೆ. ಅದನ್ನ ತಡೆಯೋಕೆ ಇಂಜಿನಿಯರುಗಳು ಮುಂದೆ ಒಂದು ಫಿಲ್ಟರ್ ಇಡೋರು. ಫಿಲ್ಟರ್ ಒಳ್ಳೇದು, ರೆಗ್ಯುಲೇಟರ್ ಒಳ್ಳೇದು, ಎರಡೂ ಸೇರಿಸಿದ್ರೆ ಹುಚ್ಚು ಹಿಡಿದವರ ಹಾಗೆ ಅದುರೋದು. ಯಾಕೆ?

ಮಿಡಲ್‌ಬ್ರೂಕ್ ತೋರಿಸಿದ ಕಾರಣ ಇದು. ಸಾಧಾರಣ ಬಲ್ಬಿಗೆ ಓಲ್ಟೇಜು ಬಿದ್ರೆ ಅದು ತಗೊಳ್ಳೋ ಕರೆಂಟೂ ಕಮ್ಮಿ ಆಗುತ್ತೆ. ಇಲ್ಲದಾಗ ಇದ್ದದ್ದರಲ್ಲಿ ಉಣ್ಣೋ ಬಡವನ ಹಾಗೆ. ರೆಗ್ಯುಲೇಟರ್ ಹಾಗಲ್ಲ. ಅದು ಹೊರಗೆ ಕೊಡೋ ಪವರ್ ಬದಲಾಗಬಾರದು. 1000 ವಾಟ್ ಕೊಡಬೇಕು ಅಂದ್ರೆ 230 ಓಲ್ಟಿನಲ್ಲಿ ಸುಮಾರು 4.3 ಆಂಪಿಯರ್ ಎಳೆಯುತ್ತೆ. ಓಲ್ಟೇಜು 160ಕ್ಕೆ ಬಿದ್ರೆ 6.2 ಆಂಪಿಯರ್ ದಾಟುತ್ತೆ. ಅಂದ್ರೆ ಕೊರತೆ ಬಂದಾಗಲೇ ಅದರ ಹಸಿವು ಜಾಸ್ತಿ. ಅದು ಜಾಸ್ತಿ ಎಳೆದಷ್ಟೂ ಲೈನ್ ಇನ್ನೂ ಬೀಳುತ್ತೆ, ಲೈನ್ ಬಿದ್ದಷ್ಟೂ ಅದು ಇನ್ನೂ ಎಳೆಯುತ್ತೆ. ಇದಕ್ಕೆ ಋಣ ಪ್ರತಿರೋಧ ಅಂತಾರೆ. ಔಷಧಿಯೂ ಅವರೇ ಹೇಳಿದ್ರು: ಎಳೆಯುವವನ ಹಸಿವಿಗೆ ಹೋಲಿಸಿದ್ರೆ ಕೊಡುವ ದಾರಿ ಬಹಳ ಗಟ್ಟಿಯಾಗಿರಬೇಕು. ದಾರಿ ಸಣ್ಣದಿದ್ರೆ ಎಂಥ ಒಳ್ಳೇ ರೆಗ್ಯುಲೇಟರ್ ಇಟ್ರೂ ಕಷ್ಟವೇ.

ಆ ಪುಟ ಓದಿದ ರಾತ್ರಿ ನಾನು ಹಾಸ್ಟೆಲ್ ರೂಮಲ್ಲಿ ನೋಟ್ಸ್ ಮುಚ್ಚಿಟ್ಟು ಸುಮ್ಮನೆ ಕೂತಿದ್ದೆ. ನನಗೆ ಕೇಳಿಸ್ತಾ ಇದ್ದದ್ದು ದೊಡ್ಡಪ್ಪನ ಮನೆಯ ಟಕ್ ಸದ್ದು. ಸ್ಟೆಬಿಲೈಸರ್ ತನ್ನ ಮನೆಯ ಓಲ್ಟೇಜು ನೆಟ್ಟಗಿಟ್ಟುಕೊಳ್ಳೋಕೆ ಸಣ್ಣ ತಂತಿಯಿಂದ ಜಾಸ್ತಿ ಕರೆಂಟು ಎಳೀತಿತ್ತು. ಆ ಹೊರೆ ಬಿದ್ದದ್ದು ಕೊನೇ ಕಂಬದ ಬಲ್ಬಿನ ಮೇಲೆ. ಅಲ್ಲಿಗೆ ಅಪ್ಪ ಹೇಳಿದ್ದು ಸರಿ. ಆದ್ರೆ ಲೆಕ್ಕ ಅಷ್ಟಕ್ಕೇ ನಿಲ್ಲಲ್ಲ. ಪಂಪ್ ಸೆಟ್ಟಿನ ಮೋಟರ್ ಕೂಡ ಅದೇ ಜಾತಿ. ಎತ್ತೋ ನೀರು ಅಷ್ಟೇ ಇದ್ದು ಓಲ್ಟೇಜು ಬಿದ್ರೆ ಮೋಟರ್ ಕರೆಂಟು ಜಾಸ್ತಿ ಎಳೆಯುತ್ತೆ, ಎಳೆದು ಬಿಸಿಯಾಗಿ ಸುಡುತ್ತೆ. ಅಪ್ಪನ ಮೋಟರ್ ಸುಟ್ಟದ್ದು ಹಾಗೆ. ಸುಡೋಕೆ ಮುಂಚೆ ಅದೂ ಲೈನನ್ನ ಕೆಳಕ್ಕೆ ಎಳೀತಿತ್ತು. ಒಂದು ಟಿವಿಯ ಪೆಟ್ಟಿಗೆಗಿಂತ ಎಷ್ಟೋ ಪಾಲು ಜಾಸ್ತಿ. ಊರಿನ ಅಷ್ಟೂ ಮೋಟರುಗಳು ಅದನ್ನೇ ಮಾಡ್ತಿದ್ವು. ಒಬ್ಬೊಬ್ಬರೂ ತಮ್ಮ ತಮ್ಮದನ್ನ ಸರಿ ಮಾಡಿಕೊಳ್ಳೋಕೆ ಹೋಗಿ ಎಲ್ಲರದ್ದೂ ಕೆಟ್ಟಿತ್ತು.

ಇತಿಹಾಸ 1976ಕ್ಕೆ ನಿಲ್ಲಲಿಲ್ಲ. ದೊಡ್ಡ ಮೋಟರುಗಳಿಗೆ, ರೈಲಿಗೆ ಬೇಕಾದ ಸ್ವಿಚ್ಚು ಇನ್ನೂ ಇರಲಿಲ್ಲ. ಮಾಸ್ಫೆಟ್‌ಗೆ ಚುರುಕು ಇತ್ತು, ಹೆಚ್ಚು ಓಲ್ಟಿನಲ್ಲಿ ತಾಕತ್ತು ಕಮ್ಮಿ. ಹಳೇ ಬೈಪೋಲಾರ್‌ಗೆ ತಾಕತ್ತು ಇತ್ತು, ಆಡಿಸೋದು ಕಷ್ಟ. ಎರಡನ್ನೂ ಒಂದೇ ಸಿಲಿಕಾನ್ ತುಂಡಿನಲ್ಲಿ ಕೂಡಿಸಿದ ಐಜಿಬಿಟಿಯನ್ನ 1982ರಲ್ಲಿ ಮಂಡಿಸಿದವರು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿದ್ದ ಬಿ. ಜಯಂತ ಬಾಳಿಗ. ನಮ್ಮ ಬೆಂಗಳೂರಿನ ಜಾಲಹಳ್ಳಿಯಲ್ಲಿ ಬೆಳೆದವರು. ಬಿಷಪ್ ಕಾಟನ್ ಶಾಲೆ, ಮದ್ರಾಸ್ ಐಐಟಿ, ಅಲ್ಲಿಂದ ಅಮೆರಿಕ. ಇಲ್ಲೂ ಅಷ್ಟೇ, ಅವರೊಬ್ಬರೇ ಅಲ್ಲ. ಜಪಾನಿನಲ್ಲಿ, ಅಮೆರಿಕದ ಆರ್‌ಸಿಎ ಕಂಪನಿಯಲ್ಲಿ ಅದೇ ದಾರಿಯಲ್ಲಿ ಯೋಚಿಸಿದವರಿದ್ರು. ಆದ್ರೆ ಅದನ್ನ ಕಾರ್ಖಾನೆಯಲ್ಲಿ ಮಾಡಿ ಮಾರೋ ವಸ್ತುವಾಗಿಸಲು ಹಟ ಹಿಡಿದವರಲ್ಲಿ ಬಾಳಿಗರು ಮುಂದು. 2024ರ ಮಿಲೇನಿಯಂ ತಂತ್ರಜ್ಞಾನ ಪ್ರಶಸ್ತಿ ಅವರಿಗೆ ಬಂತು. ನಿಮ್ಮ ಅಡುಗೆಮನೆಯ ಇಂಡಕ್ಷನ್ ಒಲೆಯೊಳಗೆ, ಎಲೆಕ್ಟ್ರಿಕ್ ಕಾರಿನೊಳಗೆ ಆನ್ ಆಫ್ ಆಗ್ತಿರೋದು ಹೆಚ್ಚಾಗಿ ಅದೇ. ನಮ್ಮ ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಇದೆಯಲ್ಲ, ಅಲ್ಲಿ ಬಿಸಿಲಿನ ಡಿಸಿ ಕರೆಂಟು ಲೈನಿಗೆ ಏರಬೇಕಾದ್ರೂ ಇಂಥ ಸ್ವಿಚ್ಚುಗಳನ್ನೇ ದಾಟಬೇಕು.

ಊರಿಗೆ ಆಮೇಲೆ ಇನ್ನೊಂದು ಟಿಸಿ ಬಂತು. ಓಲ್ಟೇಜು ಈಗ ವಾಸಿ. ಮಿಡಲ್‌ಬ್ರೂಕ್ ಹೇಳಿದ ಔಷಧಿ ಅದೇ, ದಾರಿ ಗಟ್ಟಿ ಮಾಡೋದು. ಊರವರಿಗೆ ಅದು ಪ್ರಬಂಧ ಓದದೆ ಗೊತ್ತಿತ್ತು, ಅರ್ಜಿ ಬರೆದೂ ಬರೆದೂ ಕೈ ಸೋತಿತ್ತು ಅಷ್ಟೇ.

ಬಿಇ ಮುಗಿಸಿ ಬಂದ ಬೇಸಿಗೇಲಿ ಜಗಲಿ ಮೇಲೆ ಕೂತು ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಬಲ್ಬಿಗೂ ಮೋಟರಿಗೂ ಇರೋ ವ್ಯತ್ಯಾಸ ಹೇಳಿದೆ. ಅವರು ಬೀಡಿ ಆರಿಸಿ ಕೇಳಿಸಿಕೊಂಡ್ರು.

"ಹಂಗಾದ್ರೆ ನಮ್ಮ ಮೋಟರ್ರೂ ಕುಡೀತಿತ್ತು ಅಂತೀಯ?"

"ಹೂಂ ಅಪ್ಪ. ಜಾಸ್ತೀನೇ ಕುಡೀತಿತ್ತು. ತಂತಿ ಸಣ್ಣದಿತ್ತು, ಎಲ್ಲರೂ ಎಳೆದ್ರಿ."

ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಎದ್ದು ಟವೆಲ್ಲು ಕೊಡವಿ ಹೆಗಲಿಗೆ ಹಾಕ್ಕೊಂಡು, "ಇದನ್ನ ನಿಮ್ಮ ದೊಡ್ಡಪ್ಪಂಗೂ ಒಂದ್ಸಲ ಹೇಳು" ಅಂದು ತೋಟದ ಕಡೆ ಹೋದ್ರು.

ಸಂಜೆ ಹೋದೆ. ದೊಡ್ಡಪ್ಪ ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. ಟಿವಿ ದನಿ ಕಮ್ಮಿ ಮಾಡಿ ನನ್ನ ಮುಖ ನೋಡಿದ್ರು.

"ನಿಮ್ಮಪ್ಪ ಕಳ್ಸಿದ್ನಾ?"

"ಹೂಂ, ದೊಡ್ಡಪ್ಪ."

"ಅವನ್ನೂ ಕರ್ಕೊಂಡ್ ಬಾ ಹೋಗು. ಕಾಫಿ ಆಯ್ತದೆ ಅಷ್ಟೊತ್ತಿಗೆ."